ಹೊಟ್ಟೆ ಕಿಟಕಿಗೆ ನಾಲ್ಕು ಊರಿನ ಕೊಟೇಶನ್

ನಮ್ಮ ಮನೆಯಲ್ಲಿ ಕೈಗೆತ್ತಿಕೊಂಡ ಯಾವ ಕೆಲಸವೂ ಒಂದೇ ಸಲಕ್ಕೆ ನೆಟ್ಟಗೆ ಮುಗಿದದ್ದಿಲ್ಲ. ಮುಗಿಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಶುರು ಮಾಡುತ್ತೇನೆ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಮುಂದಿನ ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತುತ್ತಾರೆ, ಅದೇ ಹೊತ್ತಿಗೆ ಹಿಂದಿನ ಸೀಟಿನವನು ಟಿಕೆಟ್ ಕಳೆದುಕೊಂಡಿರುತ್ತಾನೆ ಎಂದು ಕಾಯುತ್ತಲೇ ಸರ್ವೀಸು ಮುಗಿಸಿದೆ. ಬಹಳ ಸಲ ಹಾಗೇ ಆಗಿದೆ ಕೂಡ. ಹೋದ ವರ್ಷ ಮನೆಯ ಒಂದು ಕಿಟಕಿ ಬದಲಾಯಿಸಲು ಹೊರಟಾಗ ಆದದ್ದನ್ನು ಕೇಳಿದವರೆಲ್ಲ ನಗುತ್ತಾರೆ. ನಾನು ಇನ್ನೂ ಪೂರ್ತಿ ನಕ್ಕಿಲ್ಲ.

೧. ಒಳ್ಳೆ ಮರ

ಹಾಸನದ ನಮ್ಮ ಮನೆ ಸಣ್ಣದು. ಆದರೆ ಅದನ್ನು ಕಟ್ಟಿದವರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದೊರೆಗಳ ಬಂಗಲೆಯಲ್ಲಿ ಏನು ಕಂಡಿದ್ದರೋ, ರಸ್ತೆ ಕಡೆಯ ಗೋಡೆಯಿಂದ ಎರಡು ಅಡಿ ಮುಂದಕ್ಕೆ ಚಾಚಿದ, ಮೂರು ಮುಖದ ಒಂದು ಕಿಟಕಿ ಇಡಿಸಿದ್ದರು. ಬೇ ವಿಂಡೋ ಅಂತ ಅದರ ಹೆಸರು. ನಮ್ಮ ಬೀದಿಯಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಮನೆಯೇ ಉಂಡು ಹೊಟ್ಟೆ ಬಿಟ್ಟುಕೊಂಡು ಕೂತ ಹಾಗೆ ಕಾಣುವುದರಿಂದ ಎಲ್ಲರಿಗೂ ಅದು ಹೊಟ್ಟೆ ಕಿಟಕಿ. ಇಪ್ಪತ್ತೆರಡು ವರ್ಷದ ಹಿಂದೆ ನಾವು ಮನೆ ಕೊಂಡಾಗ ಅದು ನನಗೆ ದಂಡ ಅನ್ನಿಸಿತ್ತು. ನನ್ನ ಹೆಂಡತಿ ಮಾತ್ರ ಸೀದಾ ಹೋಗಿ ಹೊಲಿಗೆ ಮೆಷಿನನ್ನು ಅದರೊಳಗೆ ಇಟ್ಟಳು.

ಅವತ್ತಿನಿಂದ ಅದೇ ಅವಳ ಅಂಗಡಿ. ಬೀದಿಯ ಹೆಂಗಸರು ಕಿಟಕಿಯಲ್ಲೇ ಬಟ್ಟೆ ಕೊಟ್ಟು ಕಿಟಕಿಯಲ್ಲೇ ರವಿಕೆ ಇಸಿದುಕೊಂಡು ಹೋಗುತ್ತಾರೆ. ಮೂರು ಕಡೆಯಿಂದ ಬೆಳಕು ಬರುತ್ತದೆ. ಆ ಬೆಳಕು ಈಗ ಬರೀ ಅನುಕೂಲವಾಗಿ ಉಳಿದಿಲ್ಲ. ಅವಳ ಎಡಗಣ್ಣಿನ ನರ ಒಣಗಿದೆ. ಬಲಗಣ್ಣಿನಲ್ಲಿ ಉಳಿದಿರುವುದನ್ನು ದಿನಾ ಹನಿ ಹಾಕಿ ಕಾಪಾಡಿಕೊಳ್ಳಬೇಕು, ಹೋದದ್ದು ವಾಪಸ್ ಬರುವುದಿಲ್ಲ, ಹೊಲಿಯುವುದಾದರೆ ಹಗಲು ಬೆಳಕಿನಲ್ಲಿ ಮಾತ್ರ ಎಂದು ಡಾಕ್ಟರು ಹೇಳಿದ್ದಾರೆ. ಟ್ಯೂಬ್‌ಲೈಟ್ ಹಾಕಿದರೆ ಅವಳಿಗೆ ದಾರ ಎರಡೆರಡಾಗಿ ಕಾಣುತ್ತದೆ. ಆ ಕಿಟಕಿ ಹೋದರೆ ಅವಳ ಹೊಲಿಗೆ ಹೋಯಿತು. ಹೊಲಿಗೆ ಹೋದಮೇಲೆ ಅವಳು ಹೇಗಿರುತ್ತಾಳೆ ಎಂದು ಯೋಚಿಸುವುದಕ್ಕೆ ನನಗೆ ಧೈರ್ಯ ಇಲ್ಲ.

ಹೋದ ವರ್ಷ ಮಳೆಗಾಲದ ಮುಂಚೆ ಪೇಂಟಿನವನು ಬಂದು ಕಿಟಕಿಯ ಚೌಕಟ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಗೆಣ್ಣಿನ ತನಕ ಒಳಗೆ ಹೋಯಿತು. ಒಳಗೆಲ್ಲ ಗೆದ್ದಲು. "ಇದಕ್ಕೆ ಪೇಂಟ್ ಒಡೆಯಾಕಾಗಾಕಿಲ್ಲ ಸಾ, ಪೇಂಟೇ ಇದನ್ನ ಇಡ್ಕಂಡೈತೆ," ಅಂದ.

ನಾನು ಹೆಂಡತಿಯ ಕಡೆ ತಿರುಗಿದೆ. "ದಿನಾ ಇಲ್ಲೇ ಕೂತಿರ್ತೀಯ, ಗೊತ್ತಾಗಲಿಲ್ವಾ?" ಅಂದೆ.

ಅವಳು ಚೌಕಟ್ಟಿನಿಂದ ಒಂದು ಸೂಜಿ ಕಿತ್ತಳು. "ಸೂಜಿನೆಲ್ಲ ಆ ಚೌಕಟ್ಟಿಗೇ ಚುಚ್ಚಿಡ್ತಿದ್ದೆ. ಬೆಣ್ಣೆಗೆ ಹೋದ ಹಾಗೆ ಹೋಗೋದು. ಎಷ್ಟು ಒಳ್ಳೆ ಮರ ಹಾಕ್ಸಿದಾರೆ ಅಂತ ಆ ರೈಟರನ್ನ ಹತ್ತು ವರ್ಷದಿಂದ ಹೊಗಳ್ತಿದೀನಿ," ಅಂದಳು.

೨. ಚಿತ್ರದಲ್ಲಿದ್ದ ಹೆಂಗಸು

ಮೊದಲು ಹಾಸನದಲ್ಲೇ ಒಂದು ಶೋರೂಮಿಗೆ ಹೋದೆವು. ಎ.ಸಿ. ಇತ್ತು, ಟೈ ಕಟ್ಟಿದ ಸೇಲ್ಸ್‌ಮನ್ ಇದ್ದ, ಕುಡಿಯಲು ನೀರು ಕೊಟ್ಟ. ನೀರು ಕೊಟ್ಟ ಕೂಡಲೇ ನನಗೆ ರೇಟಿನ ಅಂದಾಜು ಸಿಕ್ಕಿತು.

ಅವನು ಒಂದು ಪುಸ್ತಕ ಬಿಡಿಸಿ ತೋರಿಸಿದ. ಬಿಳೀ ಬೇ ವಿಂಡೋ, ಆಚೆ ಹಿಮ ಬಿದ್ದ ಮರಗಳು. ಕಿಟಕಿಯ ದಿಂಬಿನ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಪುಸ್ತಕ ಓದುತ್ತಿದ್ದಾಳೆ, ಪಕ್ಕದಲ್ಲಿ ಬೆಕ್ಕು. ನನ್ನ ಹೆಂಡತಿ ಆ ಚಿತ್ರವನ್ನು ಬಲಗಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇವಳು ಕೆಲಸ ಯಾವಾಗ ಮಾಡ್ತಾಳೆ?" ಅಂದಳು.

ಸೇಲ್ಸ್‌ಮನ್ ಪುಸ್ತಕ ಮಡಿಚಿಟ್ಟ. ಮೂರು ಕಿಟಕಿಗೆ ಚದರಡಿ ಲೆಕ್ಕ, ಎರಡು ಮೂಲೆಯ ಕಂಬಕ್ಕೆ ಬೇರೆ, ಹಳೇದನ್ನು ಕೀಳುವುದಕ್ಕೆ ಬೇರೆ, ಕಿತ್ತದ್ದನ್ನು ಸಾಗಿಸುವುದಕ್ಕೆ ಇನ್ನೂ ಬೇರೆ ಎಂದು ಕ್ಯಾಲ್ಕುಲೇಟರ್ ಒತ್ತಿ ತೊಂಬತ್ತೆರಡು ಸಾವಿರ ತೋರಿಸಿದ. "ಮೂರು ಕಿಟಕೀನೇ ಬೇರೆ ಬೇರೆ ತಗೊಂಡ್ರೆ?" ಅಂತ ಕೇಳಿದೆ. "ಅದು ಬರೀ ಮೂರು ಕಿಟಕಿ ಆಗುತ್ತೆ ಸರ್, ಇದು ಮೂರು ಕಿಟಕಿ ಸೇರಿರೋ ಬೇ ವಿಂಡೋ," ಅಂದ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯಿತು.

"ಮಧ್ಯದ ಗಾಜು ತೆಗೆಯೋಕೆ ಬರುತ್ತಾ? ರವಿಕೆ ಕೊಡೋರು ಅಲ್ಲೇ ಕೈ ಹಾಕ್ತಾರೆ," ಅಂದಳು ಹೆಂಡತಿ.

"ಮಧ್ಯದ್ದು ಫಿಕ್ಸೆಡ್ ಮೇಡಂ. ಅದು ವ್ಯೂ ನೋಡೋಕೆ. ನಿಮ್ಮ ಮನೆ ಮುಂದೆ ಏನು ವ್ಯೂ ಇದೆ?"

"ಟ್ರಾನ್ಸ್‌ಫಾರ್ಮರ್ ಇದೆ. ಅದರ ಹಿಂದೆ ಕೋಳಿ ಅಂಗಡಿ."

ಸೇಲ್ಸ್‌ಮನ್ ಒಂದು ಕ್ಷಣ ಯೋಚಿಸಿದ. "ಹಾಗಿದ್ರೆ ಏನೂ ಕಾಣದ ಹಾಗೆ ಮಂಜು ಗಾಜು ಹಾಕಿಬಿಡೋಣ ಮೇಡಂ, ಆರು ಸಾವಿರ ಜಾಸ್ತಿ ಆಗುತ್ತೆ," ಅಂದ. ನಮ್ಮವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಮೆಟ್ಟಿಲಿಳಿಯುವಾಗ ಹೇಳಿದಳು: "ಅದಕ್ಕೆ ಆರು ಸಾವಿರ ಯಾಕೆ? ನನ್ನ ಎಡಗಣ್ಣಿಗೆ ದೇವರು ಬಿಟ್ಟಿ ಹಾಕಿಕೊಟ್ಟಿದಾನೆ."

೩. ಹನ್ನೆರಡು ಕಿಟಕಿ

ಚನ್ನರಾಯಪಟ್ಟಣದಲ್ಲಿ ಮರದ ಕೆಲಸದ ಒಬ್ಬ ಆಚಾರಿ ಇದ್ದಾರೆ, ಕೆಲಸ ಗಟ್ಟಿ ಎಂದು ಹಳೇ ಡ್ರೈವರೊಬ್ಬ ಹೇಳಿದ್ದ. ಫೋನ್ ಮಾಡಿದೆ. ಆಚಾರಿ ತೆಂಗಿನಕಾಯಿ ಲಾರಿ ಹತ್ತಿ ಹಾಸನಕ್ಕೇ ಬಂದರು. ಕಿಟಕಿಯನ್ನು ಮಾತ್ರ ನೋಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಮನೆಯನ್ನು ಎರಡು ಸುತ್ತು ಬಂದರು. ಬಂದು ಕೂತು, "ಸಾ, ಇದು ಕಿಟಕಿ ಕೆಟ್ಟಿರಾದಲ್ಲ, ಲೆಕ್ಕ ಕೆಟ್ಟಿರಾದು," ಅಂದರು.

ಮನೆಗೆ ಕಿಟಕಿಗಳು ಸರಿಸಂಖ್ಯೆಯಲ್ಲಿ ಇರಬೇಕಂತೆ, ಆದರೆ ಕೊನೆಗೆ ಸೊನ್ನೆ ಬರಬಾರದಂತೆ. ನಮ್ಮ ಮನೆಯಲ್ಲಿ ಮಾಮೂಲು ಕಿಟಕಿ ಏಳು. ಹೊಟ್ಟೆ ಕಿಟಕಿಗೆ ಮುಖ ಮೂರು. ಒಟ್ಟು ಹತ್ತು, ಸೊನ್ನೆ ಬಂತು.

"ಹೊಟ್ಟೆ ಕಿಟಕಿ ಒಂದೇ ಅಂತ ಲೆಕ್ಕ ಹಾಕಿ, ಎಂಟಾಗುತ್ತೆ," ಅಂದೆ.

"ಮೂರು ಕಡೀಕೆ ಮಕ ಮಾಡ್ಕಂಡು ನಿಂತದೆ, ಒಂದು ಅಂತ ಎಂಗ್ ಯೋಳಾದು ಸಾ?"

"ಹಾಗಿದ್ರೆ ಎರಡು ಮುಖ ಮಾಡಿ."

"ಒಂಬತ್ತಾಯ್ತದೆ. ಬೆಸ. ಅದು ಅತ್ತುಕ್ಕಿಂತ ಕೆಟ್ಟದ್ದು."

ಕಂಡಕ್ಟರ್ ಆಗಿದ್ದಾಗಲೂ ಇಷ್ಟು ಕಷ್ಟದ ಕೂಡು ಲೆಕ್ಕ ನಾನು ಮಾಡಿರಲಿಲ್ಲ. ಆಚಾರಿಯೇ ಪರಿಹಾರ ಹೇಳಿದರು. ಮೂರು ಮುಖ ಬಿಟ್ಟು ಐದು ಮುಖ ಮಾಡಿ ಬಿಲ್ಲಿನ ಹಾಗೆ ದುಂಡಗೆ ಬಾಗಿಸಿದರೆ ಏಳು ಐದು ಹನ್ನೆರಡು. ಸರಿಯೂ ಹೌದು, ಸೊನ್ನೆಯೂ ಇಲ್ಲ. ಹೊನ್ನೆ ಮರದಲ್ಲಿ ಮಾಡಿದರೆ ಒಂದು ಲಕ್ಷದ ನಲವತ್ತು ಸಾವಿರ. ಶಾಸ್ತ್ರ ನೋಡುತ್ತಾ ನೋಡುತ್ತಾ ಯಾವಾಗಲೂ ದುಬಾರಿ ಕಡೆಗೇ ಹೋಗಿ ನಿಲ್ಲುವುದನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

"ಇಪ್ಪತ್ತೆರಡು ವರ್ಷ ಹತ್ತು ಕಿಟಕೀಲೇ ಬಾಳಿದೀವಲ್ಲ ಆಚಾರ್ರೇ. ಏನಾಗಿದೆ?" ಅಂದೆ ಸ್ವಲ್ಪ ಬಿರುಸಾಗಿ.

ಆಚಾರಿ ನನ್ನನ್ನು ಮೇಲಿಂದ ಕೆಳಗೆ ಮರುಕದಿಂದ ನೋಡಿದರು. "ಕನ್ನಡಿ ನೋಡ್ಕಳಿ ಸಾ. ಸುಮ್ ಸುಮ್ನೆ ಮನ್ಸರ ಮಕ ಇಂಗಾಗಾಕಿಲ್ಲ," ಅಂದರು.

೪. ಮಾರಾಟಕ್ಕಿದ್ದ ಕಿಟಕಿ

ಅರಕಲಗೂಡಿನಲ್ಲಿ ಒಬ್ಬರು ಮನೆ ಮುಂಭಾಗ ಒಡೆದು ಅಂಗಡಿ ಮಾಡುತ್ತಿದ್ದಾರೆ, ಒಳ್ಳೆಯ ತೇಗದ ಹೊಟ್ಟೆ ಕಿಟಕಿ ಮೂವತ್ತು ಸಾವಿರಕ್ಕೆ ಕೊಡುತ್ತಾರೆ ಎಂದು ಸುದ್ದಿ ಬಂತು. ಮೂವತ್ತು ಅಂದರೆ ನಮ್ಮ ಕೈಗೆಟುಕುವ ಮಾತು. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅದು ಅಷ್ಟರಲ್ಲಿ ಮಾರಿಹೋಗಿರುತ್ತದೆ ಎನ್ನುತ್ತಿದ್ದೆ. ಅವಳು ಮುಂದಿನ ಸೀಟಿನವಳ ರವಿಕೆಯ ಬೆನ್ನು ನೋಡಿ, "ಡಾಟಿನ ಮಡಿಕೆ ಸರಿಯಾಗಿ ಹಿಡಿದಿಲ್ಲ," ಎನ್ನುತ್ತಿದ್ದಳು. ಅಷ್ಟು ಕಾಣುತ್ತದೆ ಅವಳಿಗೆ ಇನ್ನೂ, ಎಂದುಕೊಂಡು ನನಗೆ ಸಮಾಧಾನವಾಯಿತು.

ಕಿಟಕಿ ಮಾರಿಹೋಗಿರಲಿಲ್ಲ. ಮನೆಯವರು ಆಲೂಗಡ್ಡೆ ವ್ಯಾಪಾರಿ, ದಪ್ಪಗಿನ ಮನುಷ್ಯ. "ಇಪ್ಪತ್ತು ವರ್ಸದಿಂದ ಜಾಗ ತಿಂತಾ ಕುಂತದೆ ಇದು. ಕಿತ್ಕಂಡು ಓದ್ರೆ ಪುಣ್ಯ ಬತ್ತದೆ," ಅಂದರು. ನನ್ನ ಹೆಂಡತಿ ಕಿಟಕಿಯ ಒಳಗೆ ಕೂತಳು. ಬ್ಯಾಗಿನಿಂದ ಸೂಜಿ ದಾರ ತೆಗೆದು ಪೋಣಿಸಿ ನೋಡಿದಳು. ಮೊದಲ ಸಲಕ್ಕೇ ಹೋಯಿತು. ಅವಳ ಮುಖ ನೋಡಿ ನನಗೆ ಮೂವತ್ತರ ಮೇಲೆ ಐದು ಕೊಟ್ಟರೂ ಸರಿ ಅನ್ನಿಸಿತು.

"ಏನ್ ಬೆಳಕು ಅಣ್ಣ ಇಲ್ಲಿ. ಗಾಳಿನೂ ಹಿತವಾಗಿದೆ. ರಸ್ತೆ ಆ ತುದಿಯಿಂದ ಈ ತುದಿ ಕಾಣುತ್ತೆ," ಅಂದಳು. ನಾನು ಕಣ್ಣು ಮಿಟುಕಿಸಿದೆ. ಕೊಳ್ಳುವ ವಸ್ತುವನ್ನು ಹೊಗಳಬಾರದು ಎಂದು ಅವಳಿಗೆ ಮದುವೆಯಾದಾಗಿನಿಂದ ಹೇಳಿದ್ದೇನೆ. ಕಣ್ಣು ಮಿಟುಕಿಸಿದ್ದು ಅವಳ ಎಡಗಡೆಯಿಂದ. ಕಾಣಲಿಲ್ಲ.

"ಔದಾ?" ಅಂದರು ವ್ಯಾಪಾರಿ. "ನಾನು ಒಂದ್ ದಪನೂ ಕುಂತಿಲ್ಲ ಕಣಮ್ಮ ಅಲ್ಲಿ. ಎದ್ದೇಳಿ ನೋಡನ." ಅವಳು ಎದ್ದಳು, ಅವರು ಕೂತರು. ಬೆನ್ನು ಒರಗಿಸಿದರು. ದಾರಿಯಲ್ಲಿ ಹೋಗುವ ಒಬ್ಬರನ್ನು ಮಾತಾಡಿಸಿದರು. ಕಾಫಿ ತರಿಸಿದರು. ನಮಗೂ ಕೊಟ್ಟರು. ನಾವು ರೇಟಿನ ಮಾತು ಎತ್ತಿದಾಗೆಲ್ಲ "ತಡೀರಿ" ಎನ್ನುತ್ತಿದ್ದರು. ಮುಕ್ಕಾಲು ಗಂಟೆ ಆದಮೇಲೆ ಒಳಗೆ ಕೂಗಿ, ಅಂಗಡಿ ಇನ್ನೊಂದು ಕಡೆ ಮಾಡೋಣ ಅಂದರು.

ನಾವು ಎದ್ದು ಹೊರಟೆವು. ಗೇಟಿನ ತನಕ ಹೋದಮೇಲೆ ಅವರು ಕೂತಲ್ಲಿಂದಲೇ ಕರೆದರು. ಮನಸ್ಸು ಬದಲಾಯಿಸಿದರೇನೋ ಎಂದು ತಿರುಗಿದೆ. "ನಿಮ್ದು ಅಳೇ ಕಿಟಕಿ ಐತಲ್ಲ, ಗೆದ್ಲು ಇಡ್ದಿದ್ರೂ ಪರ್ವಾಗಿಲ್ಲ, ಏನ್ ರೇಟಿಗೆ ಕೊಡ್ತೀರಿ? ಇತ್ಲು ಕಡೀಕೂ ಒಂದು ಇಡುಸ್ಬುಡನ ಅಂತ," ಅಂದರು.

೫. ಎರಡು ತೋಳು

ಜೂನ್ ತಿಂಗಳ ಒಂದು ಗಾಳಿಗೆ ಕಿಟಕಿಯ ಮಧ್ಯದ ಭಾಗ ಕಳಚಿ ರಸ್ತೆಗೆ ಬಿತ್ತು. ಯಾರ ಮೇಲೂ ಬೀಳಲಿಲ್ಲ. ಮಳೆ ಒಳಗೆ ಎರಚಬಾರದೆಂದು, ಯಾರದೋ ಹುಟ್ಟುಹಬ್ಬ ಮುಗಿದು ಕಂಬದಲ್ಲಿ ನೇತಾಡುತ್ತಿದ್ದ ಫ್ಲೆಕ್ಸ್ ಒಂದನ್ನು ತಂದು ಅಡ್ಡ ಕಟ್ಟಿದೆ. ಅವಸರದಲ್ಲಿ ತಲೆಕೆಳಗಾಯಿತು. ಹಾರ ಹಾಕಿಕೊಂಡು ಕೈಮುಗಿದ ಆ ಮನುಷ್ಯ ಎರಡು ತಿಂಗಳು ನಮ್ಮ ಮನೆ ಮುಂದೆ ತಲೆಕೆಳಗಾಗಿ ನಗುತ್ತಾ ನಿಂತಿದ್ದ. ಬೀದಿಯಲ್ಲಿ ನಗುಮುಖ ಅವನದೊಂದೇ.

ಫ್ಲೆಕ್ಸು ಕಟ್ಟಿದ ಮೇಲೆ ಒಳಗೆ ಕತ್ತಲೆ. ನಮ್ಮವಳು ಮೆಷಿನನ್ನು ಜಗಲಿಗೆ ಎಳೆಸಿಕೊಂಡಳು. ಜಗಲಿಯಲ್ಲಿ ಬೆಳಕು ಒಂದೇ ಕಡೆಯಿಂದ, ಅದೂ ಅವಳ ಎಡಗಡೆಯಿಂದ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಕೇಳಿದರೆ ಮಳೆ ಮೋಡ ಎನ್ನುತ್ತಿದ್ದಳು. ಮೋಡ ಇಲ್ಲದ ದಿನವೂ ಮೋಡ ಎಂದಳು. ನಾನು ಸುಮ್ಮನೆ ದಾರ ಪೋಣಿಸಿಕೊಟ್ಟು ಒಳಗೆ ಹೋಗುತ್ತಿದ್ದೆ.

ಆ ದಿನಗಳಲ್ಲೇ ಬೀದಿಯ ಹೈಸ್ಕೂಲ್ ಮೇಷ್ಟರಮ್ಮನ ರೇಷ್ಮೆ ರವಿಕೆ ಹೊಲಿದು ಕೊಟ್ಟಳು. ಕೊಟ್ಟ ಮೇಲೆ, ಕತ್ತರಿಸಿ ಉಳಿದ ತುಂಡುಗಳನ್ನು ನೋಡಿ ಅವಳಿಗೆ ಅನುಮಾನ ಬಂತು. ಒಂದು ತೋಳಿನ ಜರಿ ಅಂಚು ಕೆಳಗೆ ಬಂದಿದೆ, ಇನ್ನೊಂದರದ್ದು ಮೇಲಕ್ಕೆ, ಭುಜದ ಹತ್ತಿರ ಹೋಗಿದೆ. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಆಗಿರಲಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ. "ಇನ್ನು ಬಟ್ಟೆ ಇಸ್ಕೊಳಲ್ಲ, ಹೇಳಿಬಿಡಿ ಎಲ್ಲರಿಗೂ," ಅಂದಳು. ಹೇಳುವುದಕ್ಕೆ ನಾನು ಯಾರ ಮನೆಗೂ ಹೋಗಲಿಲ್ಲ.

ಒಂದು ವಾರದ ನಂತರ ಮೇಷ್ಟರಮ್ಮ ಜಗಲಿಗೆ ಬಂದರು. ನಮ್ಮವಳು ಎದ್ದು ನಿಂತು, ತಪ್ಪಾಯಿತು, ಬಿಚ್ಚಿ ಹೊಲಿದುಕೊಡುತ್ತೇನೆ ಎನ್ನುವಷ್ಟರಲ್ಲಿ ಅವರೇ ಶುರು ಮಾಡಿದರು. "ಒಂದು ಮೇಲೆ, ಒಂದು ಕೆಳಗೆ, ಹೊಸ ಡಿಸೈನ್ ಅಲ್ವಾ ಅದು? ಮದುವೇಲಿ ಎಲ್ಲರೂ ಕೇಳಿದ್ರು. ನಮ್ಮ ಸ್ಕೂಲಿನ ಇನ್ನಿಬ್ಬರು ಬಟ್ಟೆ ಕೊಟ್ಟಿದಾರೆ, ಹಾಗೇ ಹೊಲಿಬೇಕಂತೆ."

ಅವಳು ಬಟ್ಟೆ ಇಸಿದುಕೊಂಡಳು. ಮೂರು ದಿನ ಒದ್ದಾಡಿದಳು. ಮೂರು ಸಲವೂ ಎರಡು ತೋಳೂ ಸರಿಯಾಗೇ ಬಂದವು. "ಗೊತ್ತಿದ್ದೂ ತಪ್ಪು ಹೊಲಿಯೋದು ಬಹಳ ಕಷ್ಟ ಕಣ್ರೀ," ಅಂದಳು.

೬. ಅಳತೆ

ಕೊನೆಗೆ ಹೊಳೆನರಸೀಪುರದ ಒಬ್ಬ ಅಲ್ಯೂಮಿನಿಯಂ ಕೆಲಸದವನು ಸಿಕ್ಕ. ಮಾತು ಕಡಿಮೆ, ರೇಟೂ ಕಡಿಮೆ. ಮೂರು ಮುಖ, ದಪ್ಪ ಗಾಜು, ಮಧ್ಯದಲ್ಲಿ ರವಿಕೆ ಇಸಿದುಕೊಳ್ಳಲು ಸರಿಸುವ ಸಣ್ಣ ಬಾಗಿಲು, ಎಲ್ಲಾ ಸೇರಿ ನಲವತ್ತೆಂಟು ಸಾವಿರ. ಅಳತೆಗೆ ಅವನೇ ಬರಬೇಕಾದರೆ ಐನೂರು ಬೇರೆ. ಇಲ್ಲದಿದ್ದರೆ ನಾವೇ ಅಳೆದು ಕಳಿಸಬೇಕು.

ಐನೂರು ಉಳಿಸೋಣ ಎಂದು ನಾನೇ ಹೇಳಿದ್ದು. ಅಳತೆ ಹೆಂಡತಿ ತೆಗೆದಳು, ನಾನು ಟೇಪಿನ ಆ ತುದಿ ಹಿಡಿದೆ, ಅವಳು ಚೀಟಿಯಲ್ಲಿ ಬರೆದಳು, ನಾನು ಫೋಟೋ ಹೊಡೆದು ಕಳಿಸಿದೆ. "ಸರ್ಯಾಗಿ ಅಳ್ದಿದೀರಾ ಸಾ? ಆಮ್ಯಾಕೆ ಏನೂ ಮಾಡಾಕಾಗಾಕಿಲ್ಲ," ಅಂತ ಅವನು ಫೋನಿನಲ್ಲಿ ಕೇಳಿದ. ನನಗೆ ಸ್ವಲ್ಪ ಸಿಟ್ಟೇ ಬಂತು. "ನನ್ನ ಹೆಂಡತಿ ಮೂವತ್ತು ವರ್ಷದಿಂದ ಊರನ್ನೇ ಅಳೀತಿದಾಳೆ ಕಣಪ್ಪ," ಅಂದೆ.

ಆಗಸ್ಟಿನಲ್ಲಿ ಕಿಟಕಿ ಗೂಡ್ಸ್ ಆಟೋದಲ್ಲಿ ಬಂತು, ಜೊತೆಗೆ ಒಬ್ಬ ಗಾರೆ ಮೇಸ್ತ್ರಿ. ಹಳೇದನ್ನು ಕಿತ್ತರು. ಅದು ಕೀಳುವ ಮೊದಲೇ ಉದುರಿತು. ಹೊಸದನ್ನು ಎತ್ತಿ ಗೋಡೆಗೆ ಹಿಡಿದರು. ಕಿಟಕಿ ಗೋಡೆಯ ಜಾಗಕ್ಕಿಂತ ಆರು ಇಂಚು ಅಗಲ ಇತ್ತು. ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ಹೊತ್ತು ಎಲ್ಲ ಸರಿಯಾಗಿ ನಡೆಯುತ್ತಿದ್ದುದೇ ನನಗೆ ಆಶ್ಚರ್ಯವಾಗಿತ್ತು.

ಹೊಳೆನರಸೀಪುರದವನು ಚೀಟಿಯ ಫೋಟೋ ತೆಗೆದು ತೋರಿಸಿದ. ಏಳೂವರೆ ಅಡಿ. ಗೋಡೆಯನ್ನು ಅವನೇ ಅಳೆದ. ಏಳು ಅಡಿ. ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದರು.

"ಆ ಕಡೆ ಮೂರು, ಈ ಕಡೆ ಮೂರು ಬಿಟ್ಟಿದೀನಿ," ಅಂದಳು.

"ಯಾಕಮ್ಮ?"

"ಹೊಲಿಗೆಗೆ ಅಂತ ಒಳಗೆ ಬಟ್ಟೆ ಬಿಡ್ಬೇಕಲ್ಲಪ್ಪ. ಅಳತೆ ಇದ್ದಷ್ಟೇ ಕತ್ತರಿಸಿದ್ರೆ ಆಮೇಲೆ ಬೇಕಾದಾಗ ಬಿಚ್ಚೋಕೆ ಏನಿರುತ್ತೆ?"

"ಇದು ಗಾಜು ಕಣಮ್ಮ, ಬಟ್ಟೆ ಅಲ್ಲ," ಅಂತ ಅವನು ತಲೆ ಮೇಲೆ ಕೈಯಿಟ್ಟುಕೊಂಡು ಕಟ್ಟೆ ಮೇಲೆ ಕೂತ. ಗಾರೆ ಮೇಸ್ತ್ರಿ ಆ ಕಡೆ ತಿರುಗಿ ನಗುತ್ತಿದ್ದ, ಅವನ ಭುಜ ಕುಣಿಯುತ್ತಿತ್ತು. ನಾನು ರೇಗಿದೆ. ಅಭ್ಯಾಸಕ್ಕೆ ಕೈ ತಪ್ಪಿತು ಎಂದಾದರೂ ಹೇಳು, ಮರೆತೆ ಎಂದು ಹೇಳು, ಜನರ ಮುಂದೆ ಹೀಗೆ ಮಾತಾಡಬೇಡ ಎಂದೆ.

"ಮರೆತಿಲ್ಲ," ಅಂದಳು. "ಬೆಳೆಯೋ ಮಕ್ಕಳ ಬಟ್ಟೆಗೆ ನಾಲ್ಕು ಬೆರಳು ಜಾಸ್ತಿ ಬಿಡ್ತೀವಲ್ಲ, ಹಾಗೇ. ನನ್ನ ಕಣ್ಣು ಬರಬರ್ತಾ ಕಮ್ಮಿ ಆಗುತ್ತೆ. ಈವತ್ತಿನ ಬೆಳಕು ಇನ್ನೆರಡು ವರ್ಷಕ್ಕೆ ಸಾಲಲ್ಲ. ಅವತ್ತು ಇನ್ನೊಂದು ಕಿಟಕಿ ಮಾಡ್ಸಿ ಅಂದ್ರೆ ನೀವು ಮಾಡಿಸ್ತೀರಾ?"

ಮೇಸ್ತ್ರಿಯ ಭುಜದ ಕುಣಿತ ನಿಂತಿತು. ಎಲ್ಲದರ ಕೊನೆಯನ್ನೂ ಮೊದಲೇ ಕಾಣುವವನು ನಾನು ಎಂದುಕೊಂಡಿದ್ದೆ. ಅವಳು ನನಗಿಂತ ಮುಂಚೆ ಕಂಡು, ಅಳತೆ ತೆಗೆದು, ಅದಕ್ಕೊಂದು ಕಿಟಕಿ ಮಾಡಿಸಿ ಇಟ್ಟಿದ್ದಳು.

ಮೇಸ್ತ್ರಿ ಮುಂದೆ ಬಂದು ಗೋಡೆಯನ್ನು ಕುಟ್ಟಿ ನೋಡಿದ. "ಕಿಟಕಿ ಮ್ಯಾಲಿನ ಲಿಂಟಲ್ಲು ಆ ಕಡೆ ಈ ಕಡೆ ಗ್ವಾಡೆ ಮ್ಯಾಲೆ ಒಂಬತ್ತಿಂಚು ಕುಂತದೆ ಸಾ. ಮೂರಿಂಚು ಒಡುದ್ರೆ ಬೀಳಾಕಿಲ್ಲ. ಜಾಸ್ತಿ ಮಾತ್ರ ಓಗ್ಬಾರ್ದು. ಕೆಳಗಡೆ ಚಪ್ಪಡಿ ಅಗಲ ಐತೆ, ಕುಂತ್ಕತದೆ," ಅಂದ. ಹೊಳೆನರಸೀಪುರದವನು ಗೋಡೆ ಒಡೆಯುವ ಕೂಲಿಯಲ್ಲಿ ಅರ್ಧ ತಾನು ಹಾಕುತ್ತೇನೆ ಎಂದ.

ನಮ್ಮವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದಳು. ಬೇರೆ ಯಾರಿಗೂ ಕೊಡಲಿಲ್ಲ. ಟೇಪು ಹಿಡಿದು, ಮುಖವನ್ನು ಗೋಡೆಗೆ ತಾಗಿಸುವಷ್ಟು ಹತ್ತಿರ ತಂದು, ಎರಡು ಕಡೆಯೂ ಮೇಲಿಂದ ಕೆಳಗೆ ಗೆರೆ ಎಳೆದಳು. "ಇಲ್ಲಿ ಬಿಚ್ಚಿ," ಅಂದು ಹಿಂದೆ ಸರಿದು ಕುರ್ಚಿಯಲ್ಲಿ ಕೂತಳು.

ಬಲಗಡೆಯ ಗೆರೆ ಸರಿಯಾಗಿತ್ತು. ಎಡಗಡೆಯದು ಮೇಲೆ ಮೂರಿಂಚಿನಿಂದ ಶುರುವಾಗಿ, ಕೆಳಗೆ ಬರುವಷ್ಟರಲ್ಲಿ ಆರಕ್ಕೆ ಹೋಗಿತ್ತು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಮಾತಾಡಬೇಡ ಎಂದು ಸನ್ನೆ ಮಾಡಿದೆ. ಅವಳಿಗೆ ಬೆನ್ನು ಅಡ್ಡ ಕೊಟ್ಟು ನಿಂತು, ಪಂಚೆಯ ತುದಿಯಿಂದ ಆ ಗೆರೆಯನ್ನು ಮೆಲ್ಲಗೆ ಒರೆಸಿ, ಉಸಿರು ಬಿಗಿಹಿಡಿದು ಮೂರು ಇಂಚಿಗೆ ಇನ್ನೊಂದು ನೆಟ್ಟಗೆ ಎಳೆದೆ. ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ನಾನು ಏನನ್ನೂ ಬರೆದಿರಲಿಲ್ಲ.

ಹಿಂದಿನಿಂದ ಅವಳ ದನಿ ಬಂತು. "ಗೆರೆ ಸೊಟ್ಟ ಬಂದಿದ್ದು ನನಗೆ ಕಾಣಲಿಲ್ಲ, ಸರಿ. ಆದರೆ ಅಷ್ಟು ದೊಡ್ಡ ಮನುಷ್ಯ ಕಿಟಕಿಗೆ ಅಡ್ಡ ನಿಂತ್ರೆ ಬೆಳಕು ಹೋಗುತ್ತೆ, ಅದು ಕಾಣುತ್ತೆ. ಸರೀರಿ ಆ ಕಡೆ."